ಹೆಜ್ಜೆ ಎಣಿಸಿದ ವಾಚು

ಡಿಸೆಂಬರ್‌ನ ಚಳಿ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಧಾನಕ್ಕೆ ಓಡುತ್ತಿದ್ದೆ. ಜೊತೆಗೆ ನಿವೃತ್ತ ಮೇಷ್ಟ್ರೊಬ್ಬರು. ಮಗಳ ಮದುವೆಗೆ ಛತ್ರ ಸಿಗದ ಕತೆಯನ್ನು ಅವರು ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಹೊಸ ವಾಚಿನತ್ತ ಕಣ್ಣು ಹಾಯಿಸಿದರೆ ಎದೆಬಡಿತ 176! ಐವತ್ತೊಂದರ ವಯಸ್ಸಿಗೆ ಅದು ನಾಯಿ ಅಟ್ಟಿಸಿಕೊಂಡು ಬಂದಾಗಿನ ಅಂಕಿ. ಗಾಬರಿಯಾಗಿ ನಿಂತೆ.

‘ಕೈ ಕೊಡಿ ಇಲ್ಲಿ’ ಎಂದು ಮೇಷ್ಟ್ರು ನಾಡಿ ಹಿಡಿದರು. ತಮ್ಮ ಹಳೇ ಎಚ್‌ಎಂಟಿ ನೋಡುತ್ತಾ ಹದಿನೈದು ಸೆಕೆಂಡು ತುಟಿಯಲ್ಲೇ ಎಣಿಸಿದರು. ‘ಮೂವತ್ಮೂರು. ನಾಲ್ಕರಿಂದ ಗುಣಿಸ್ಕೊಳ್ಳಿ ಸ್ವಾಮಿ.’ ಅಂದರೆ 132. ನಿಂತ ಕೂಡಲೇ ಬಡಿತ ಇಳಿಯತೊಡಗುತ್ತದೆ, ಹಾಗಾಗಿ ಓಡುವಾಗ ನಾಲ್ಕಾರು ಹೆಚ್ಚೇ ಇದ್ದಿರಬೇಕು. ಆದರೂ 176 ಎಲ್ಲಿ, ಇದೆಲ್ಲಿ? ‘ನಿಮ್ಮ ವಾಚು ಇನ್ನೇನೋ ಎಣಿಸ್ತಿದೆ’ ಎಂದರು.

ಹೌದು, ಎಣಿಸುತ್ತಿತ್ತು. ಮತ್ತೆ ಓಡುತ್ತಾ ನನ್ನ ಹೆಜ್ಜೆಗಳನ್ನು ಲೆಕ್ಕ ಹಾಕಿದೆ. ಅರ್ಧ ನಿಮಿಷಕ್ಕೆ 88!

ವಾಚಿನ ಬೆನ್ನಿಗೆ ಮಿನುಗುವ ಹಸಿರು ದೀಪಗಳನ್ನು ನೀವು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಹಿಂಡಿದಾಗ ಮಣಿಕಟ್ಟಿನ ಚರ್ಮದಡಿ ಚೂರು ಹೆಚ್ಚು ರಕ್ತ ನುಗ್ಗುತ್ತದೆ, ಹಿಂದಿರುಗುವ ಬೆಳಕು ಅಷ್ಟೇ ಚೂರು ಕಮ್ಮಿಯಾಗುತ್ತದೆ. ಈ ಏರಿಳಿತವೇ ವಾಚಿನ ಪಾಲಿನ ನಾಡಿ. ಕೂತಾಗ, ಮಲಗಿದಾಗ ಲೆಕ್ಕ ಬಹುಮಟ್ಟಿಗೆ ಸರಿ. ಓಡುವಾಗ ಮಾತ್ರ ಕೈ ಬೀಸಿದಂತೆಲ್ಲ ರಕ್ತವೂ ತುಳುಕುತ್ತದೆ, ಸಡಿಲ ಪಟ್ಟಿಯಡಿ ಹೊರಗಿನ ಬೆಳಕು ನುಸುಳುತ್ತದೆ. ಚಳಿಗೆ ಚರ್ಮದ ರಕ್ತನಾಳಗಳು ಮುದುಡಿ ನಿಜವಾದ ನಾಡಿಯ ಸುಳಿವು ಮಂಕಾದಾಗ, ಜೋರಾಗಿ ಕೇಳಿಸುವ ಹೆಜ್ಜೆಯ ತಾಳವನ್ನೇ ಯಂತ್ರ ನಾಡಿಯೆಂದು ನಂಬುತ್ತದೆ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿದರೆ ಈ ಕಾಟ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಬಡಿತ ಅಳೆಯಲೆಂದು ಎದೆಗೇ ಕಟ್ಟಿಕೊಳ್ಳುವ ಎದೆಪಟ್ಟಿಯ ದಾರಿ ಬೇರೆ. ಅದು ಬೆಳಕನ್ನು ನೆಚ್ಚುವುದಿಲ್ಲ, ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಪ್ರತಿ ಬಡಿತಕ್ಕೂ ಮೊದಲು ಹೃದಯದಲ್ಲಿ ಹರಿಯುವ ವಿದ್ಯುತ್ತು ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟಿನಷ್ಟು ಸುಳಿಯುತ್ತದೆ. ಇದನ್ನು ಅಳೆಯಲು 20ನೇ ಶತಮಾನದ ಆರಂಭದಲ್ಲಿ ನೆದರ್ಲೆಂಡ್ಸಿನ ವಿಲ್ಲೆಂ ಐಂಥೋವನ್ ಕಟ್ಟಿದ ಯಂತ್ರ ಕೋಣೆ ತುಂಬುವಷ್ಟಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಆ ಕೆಲಸಕ್ಕೆ 1924ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಓಟಗಾರರು ಪಟ್ಟಿಯನ್ನು ಎದೆಗೆ ಕಟ್ಟುವ ಮೊದಲು ನಲ್ಲಿಯ ಕೆಳಗೆ ಹಿಡಿದು ಒದ್ದೆ ಮಾಡಿಕೊಳ್ಳುತ್ತಾರಲ್ಲ, ಅದು ಅದೇ ಉಪ್ಪುನೀರಿನ ಕೆಲಸ. ಒಣ ಚರ್ಮ ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ. ಉಪ್ಪನ್ನು ಬೆವರು ಆಮೇಲೆ ತಾನೇ ಒದಗಿಸುತ್ತದೆ.

ಪಟ್ಟಿಯಿಂದ ಕೈಗೆ ತಂತಿಯಿಲ್ಲದೆ ಅಂಕಿ ದಾಟಿಸುವ ಯಂತ್ರ ಬಂದದ್ದು ಫಿನ್ಲೆಂಡಿನಿಂದ. ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಹತ್ತಾರು ಕಿಲೋಮೀಟರು ಸಾಗುವವರ ನಾಡಿಯನ್ನು ದಾರಿಯಲ್ಲಿ ನಿಲ್ಲಿಸಿ ಹಿಡಿಯುವುದು ಹೇಗೆ? ಸೆಪ್ಪೊ ಸೈನಾಯಕಂಗಾಸ್ ಎಂಬ ಎಂಜಿನಿಯರ್ 1977ರಲ್ಲಿ ಪೋಲಾರ್ ಕಂಪನಿ ಹುಟ್ಟುಹಾಕಿದರು, 1982ರಲ್ಲಿ ಅವರ ನಿಸ್ತಂತು ಯಂತ್ರ ಅಂಗಡಿಗೆ ಬಂತು.

ಅಂಕಿ ಸಿಕ್ಕಿತು, ಅದನ್ನು ಇಟ್ಟುಕೊಂಡು ಮಾಡುವುದೇನು? ತಮ್ಮ ಗರಿಷ್ಠ ಬಡಿತ ಎಷ್ಟೆಂದು ತಿಳಿಯಲು ಹೊಸಬರು ಕೈಹಾಕುವುದು 220ರಿಂದ ವಯಸ್ಸು ಕಳೆಯುವ ಸೂತ್ರಕ್ಕೆ. ಜಿಮ್ಮುಗಳ ಗೋಡೆಗೋಡೆಯ ಮೇಲೆ ಬರೆದಿರುವ ಈ ಸೂತ್ರಕ್ಕೆ ಗಟ್ಟಿ ಬುನಾದಿಯಿಲ್ಲ. ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ಸಂಶೋಧಕರು 1970ರ ಆಸುಪಾಸಿನಲ್ಲಿ ಹಲವು ಅಧ್ಯಯನಗಳ ಅಂಕಿಗಳನ್ನು ಒಂದು ನಕ್ಷೆಯಲ್ಲಿಟ್ಟು ಕಣ್ಣಂದಾಜಿನಲ್ಲಿ ಎಳೆದ ಗೆರೆ ಅದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ದೊಡ್ಡ ದತ್ತಾಂಶದಿಂದ ಬೇರೆ ಸೂತ್ರ ಕೊಟ್ಟರು: 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ. ಅದೂ ಸರಾಸರಿಯೇ, ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಸಾಮಾನ್ಯ. ಮೊದಲ ಸೂತ್ರ ನನಗೆ 169 ಕೊಡುತ್ತದೆ, ಎರಡನೆಯದು 172. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ನಂದಿಯವರೆಗೆ ಒಂದೇ ಉಸಿರಿಗೆ ಹತ್ತಿದ ದಿನ ಎದೆಪಟ್ಟಿ ತೋರಿಸಿದ್ದು 183. ಎರಡು ಸೂತ್ರಗಳ ಪ್ರಕಾರವೂ ನಾನು ಅಲ್ಲಿ ಇರಬಾರದಿತ್ತು.

ಫಿನ್ಲೆಂಡಿನವರೇ ಆದ ಕಾರ್ವೊನೆನ್ 1957ರಲ್ಲಿ ತೋರಿಸಿದ ಲೆಕ್ಕ ಇದಕ್ಕಿಂತ ಮೇಲು. ಬೆಳಿಗ್ಗೆ ಎದ್ದ ಕೂಡಲೇ ನನ್ನ ನಾಡಿ 58. ಗರಿಷ್ಠ 183ರಿಂದ ಅದನ್ನು ಕಳೆದರೆ 125 ಬಡಿತ ಕೈಯಲ್ಲಿದೆ. ಅದರ ಶೇಕಡಾ 60ರಿಂದ 70 ಪಾಲನ್ನು ಮತ್ತೆ 58ಕ್ಕೆ ಕೂಡಿದರೆ 133ರಿಂದ 145. ನನ್ನ ವಾರದ ಬಹುಪಾಲು ಓಟ ಇರಬೇಕಾದದ್ದು ಅಲ್ಲಿ.

ಇಷ್ಟು ಮೆಲ್ಲಗೆ ಓಡಿದರೆ ಏನು ಬಂತು? ಇಲ್ಲೇ ಎಲ್ಲರೂ ಎಡವುವುದು. ಆರಾಮಾಗಿ ಕೂತ ಹೃದಯ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳುತ್ತದೆ. ಓಡತೊಡಗಿದರೆ ಪ್ರತಿ ಬಡಿತದ ಪ್ರಮಾಣವೂ ಏರುತ್ತದೆ. ಆದರೆ ನಮ್ಮಂಥವರಲ್ಲಿ ಅದು ಅರ್ಧ ಶ್ರಮಕ್ಕೇ ಹೆಚ್ಚುಕಡಿಮೆ ತುದಿ ಮುಟ್ಟುತ್ತದೆ, ಆಮೇಲಿನ ಏರಿಕೆಯೆಲ್ಲ ಬಡಿತದ ವೇಗದ್ದು. ಅಂದರೆ ಮೆಲ್ಲಗಿನ ಓಟದಲ್ಲೂ ಹೃದಯದ ಕೋಣೆ ತುಂಬಿ ಹಿಗ್ಗುತ್ತಿರುತ್ತದೆ, ಅದನ್ನು ಗಂಟೆಗಟ್ಟಲೆ ಮಾಡಬಹುದು, ನಾಳೆಯೂ ಮಾಡಬಹುದು. ತಿಂಗಳುಗಳ ಮೇಲೆ ಕೋಣೆ ದೊಡ್ಡದಾಗುತ್ತದೆ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಕವಲೊಡೆಯುತ್ತವೆ, ದೇಹ ಕೊಬ್ಬನ್ನು ಉರಿಸುವುದನ್ನು ರೂಢಿಸಿಕೊಳ್ಳುತ್ತದೆ. ಇದು ಮುಖ್ಯ, ಯಾಕೆಂದರೆ ಮೈಯೊಳಗಿನ ಸಕ್ಕರೆಯ ದಾಸ್ತಾನು ಬರೀ ಅರ್ಧ ಕೇಜಿಯಷ್ಟು. ಮ್ಯಾರಥಾನಿನ 30ನೇ ಕಿಲೋಮೀಟರಿನ ಸುಮಾರಿಗೆ ಕಾಲು ಕಲ್ಲಾಗುವುದು ಅದು ಮುಗಿಯುತ್ತಾ ಬಂದಾಗ. ಹಾಗೆಂದು ವಾರಕ್ಕೊಮ್ಮೆ ಜೋರು ಓಟ ಬೇಡವೆಂದಲ್ಲ, ಬೇಕು. ನಮ್ಮಲ್ಲಿ ಬಹುತೇಕರು ಜೋರೂ ಅಲ್ಲದ ಮೆಲ್ಲಗೂ ಅಲ್ಲದ ನಡುದಾರಿಯಲ್ಲಿ ದಿನವೂ ಏದುಸಿರು ಬಿಟ್ಟು ಸುಸ್ತಾಗುತ್ತೇವೆ. ವೇಗ ಇಳಿಸಲು ಅಹಂಕಾರ ಬಿಡದು. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ದಾಟಿಹೋದರಂತೂ ಮುಗಿಯಿತು. ನನಗೆ ಎದೆಪಟ್ಟಿ ಉಪಯೋಗಕ್ಕೆ ಬಂದದ್ದು ಓಡಿಸಲಿಕ್ಕಲ್ಲ, ಹಿಡಿದು ನಿಲ್ಲಿಸಲಿಕ್ಕೆ.

ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಿಗೆ ಈ ಯಾವ ಅಂಕಿಯೂ ಹೊಂದುವುದಿಲ್ಲ. ಆ ಮಾತ್ರೆ ಬಡಿತವನ್ನೇ ತಗ್ಗಿಸುತ್ತದೆ.

ಇನ್ನೊಂದು ತಮಾಷೆ ಗೊತ್ತಾದದ್ದು ಬೇಸಿಗೆಯಲ್ಲಿ. ಅದೇ ಕೆರೆ, ಅದೇ ಮೇಷ್ಟ್ರು, ಅದೇ ವೇಗ. ಮೊದಲ ಸುತ್ತಿನಲ್ಲಿ 136, ಒಂದೂವರೆ ಗಂಟೆಯ ಹೊತ್ತಿಗೆ 151. ಬೆವರು ಹರಿದು ರಕ್ತದ ನೀರು ಕಮ್ಮಿಯಾಗಿರುತ್ತದೆ, ಮೈ ತಣಿಸಲು ಒಂದಷ್ಟು ರಕ್ತ ಚರ್ಮದತ್ತ ಹೊರಟಿರುತ್ತದೆ, ಹೃದಯಕ್ಕೆ ವಾಪಸಾಗುವುದು ಕಮ್ಮಿ. ಬಡಿತಕ್ಕೆ ತಳ್ಳುವುದು ಕಮ್ಮಿಯಾದದ್ದನ್ನು ಅದು ಬಡಿತ ಹೆಚ್ಚಿಸಿ ಸರಿದೂಗಿಸುತ್ತದೆ. ಪಟ್ಟಿ ಹೇಳಿದ ಹಾಗೆ ಕೇಳುವುದಾದರೆ ಈಗ ನಾನು ವೇಗ ಇಳಿಸಬೇಕು. ಇನ್ನೂ ಮೀನಮೇಷ ಎಣಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಬೀಗರ ಕತೆ ನಡುವಾಕ್ಯದಲ್ಲೇ ನಿಂತಿತು. ತಿರುಗಿ ನೋಡಿದರೆ, ಎಚ್‌ಎಂಟಿಯ ಕಡೆ ಕಣ್ಣು ಕೂಡ ಹಾಯಿಸದೆ, ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿದ್ದರು.