ಸರಾಸರಿ, ಮಧ್ಯಾಂಕ, ಬಹುಲಕ: ಚಿಕ್ಕ ತರಗತಿಯ ಅಂಕಪಟ್ಟಿ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದು ತರಗತಿಗೆ ಏಳೆಂಟು ಮಕ್ಕಳಷ್ಟೇ ಇರುವುದುಂಟು. ಅಂತಹ ತರಗತಿಯ ಕಲಿಕೆಯನ್ನು ಸರಾಸರಿಯೊಂದರಿಂದಲೇ ಅಳೆದರೆ ಏನಾಗುತ್ತದೆ ಎಂಬುದನ್ನು ಕಲ್ಪಿತ ಉದಾಹರಣೆಯೊಂದರಿಂದ ನೋಡಬಹುದು. 50 ಅಂಕಗಳ ಪರೀಕ್ಷೆಯಲ್ಲಿ ಏಳು ಮಕ್ಕಳು ಪಡೆದ ಅಂಕಗಳು 12, 14, 15, 15, 17, 19, 48 ಎಂದಿರಲಿ. ಮೊತ್ತ 140; ಏಳರಿಂದ ಭಾಗಿಸಿದರೆ ಸರಾಸರಿ 20, ಅಂದರೆ ಶೇಕಡ 40. ವರದಿಯಲ್ಲಿ ಇದನ್ನು ಕಂಡವರು ತರಗತಿ ಹೇಗೋ ದಾಟಿಕೊಂಡಿದೆ ಎಂದು ಭಾವಿಸುತ್ತಾರೆ. ಆದರೆ ಉತ್ತೀರ್ಣತೆಗೆ ಶೇಕಡ 35 ಬೇಕೆಂದಾದರೆ ಏಳರಲ್ಲಿ ಐವರು ಅನುತ್ತೀರ್ಣರು.

ಲೆಕ್ಕದಲ್ಲಿ ತಪ್ಪಿಲ್ಲ. ಸರಾಸರಿಯೆಂಬುದು ತಕ್ಕಡಿಯ ಸಮತೋಲನ ಬಿಂದುವಿನಂತೆ. 20ಕ್ಕಿಂತ ಕೆಳಗಿರುವ ಆರು ಅಂಕಗಳ ಕೊರತೆ 8, 6, 5, 5, 3, 1, ಒಟ್ಟು 28. 48ರ ಹೆಚ್ಚಳವೂ 28. ಒಂದೇ ಮಗುವಿನ ಹೆಚ್ಚಳ ಆರು ಮಕ್ಕಳ ಕೊರತೆಯನ್ನು ತೂಗಿಸಿಬಿಟ್ಟಿದೆ. ಈ ವ್ಯತ್ಯಾಸಗಳನ್ನು ಕರಿಹಲಗೆಯ ಮೇಲೆ ಮಕ್ಕಳಿಂದಲೇ ಬರೆಯಿಸುವುದು ಸೂತ್ರದ ಬಾಯಿಪಾಠಕ್ಕಿಂತ ಮೇಲು.

ಅಂಕಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ನಾಲ್ಕನೆಯ ಅಂಕ 15, ಅದೇ ಮಧ್ಯಾಂಕ. 48ರ ಬದಲು 20 ಇದ್ದಿದ್ದರೆ ಸರಾಸರಿ 16ಕ್ಕೆ ಇಳಿಯುತ್ತಿತ್ತು, ಮಧ್ಯಾಂಕ ಮಾತ್ರ ಕದಲುತ್ತಿರಲಿಲ್ಲ. ಚಿಕ್ಕ ತರಗತಿಯ ವರದಿಯಲ್ಲಿ ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ ಬರೆಯಬೇಕಾದುದು ಇದಕ್ಕಾಗಿಯೇ. ಕ್ರಮಗೊಳಿಸದೆಯೇ ನಡುವಿನ ಸಂಖ್ಯೆಯನ್ನು ಆರಿಸುವುದು ಮಕ್ಕಳಲ್ಲಿ ಸಾಮಾನ್ಯ. ಸಂಖ್ಯೆಗಳು ಎಂಟಿದ್ದರೆ ನಡುವಿನ ಎರಡರ ಸರಾಸರಿಯನ್ನು ತೆಗೆದುಕೊಳ್ಳಬೇಕು.

ಬಹುಲಕವೂ ಇಲ್ಲಿ 15. ಅದು ಎರಡು ಬಾರಿ ಬಂದಿದೆ. ಕೆಲವರು ಉತ್ತರವಾಗಿ 2 ಎಂದು ಬರೆಯುತ್ತಾರೆ. ಅದು ಆವೃತ್ತಿಯೇ ಹೊರತು ಬಹುಲಕವಲ್ಲ. ನಿಜವಾಗಿ ಏಳು ಅಂಕಗಳ ಪಟ್ಟಿಯಲ್ಲಿ ಬಹುಲಕಕ್ಕೆ ಹೆಚ್ಚಿನ ಅರ್ಥವಿಲ್ಲ. ಕಾಸರಗೋಡಿನ ತರಗತಿಯೊಂದರಲ್ಲಿ ಮಕ್ಕಳ ಮನೆಮಾತನ್ನು ಕೇಳಿ ಪಟ್ಟಿ ಮಾಡಿದರೆ ಅದರ ಬೆಲೆ ತಿಳಿಯುತ್ತದೆ. ತುಳು, ಮಲಯಾಳ, ಕನ್ನಡ, ಕೊಂಕಣಿಗಳನ್ನು ಕೂಡಿಸಲೂ ಬಾರದು, ಏರಿಕೆಯ ಕ್ರಮದಲ್ಲಿ ಇಡಲೂ ಬಾರದು. ಅಲ್ಲಿ ಬಹುಲಕವೊಂದೇ ಸಲ್ಲುವ ಅಳತೆ.

ಪಾರಿಭಾಷಿಕ ಪದಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮರಾಠಿ ಗಣಿತ ಪಠ್ಯದ ‘ಮಧ್ಯ’ ನಮ್ಮ ಸರಾಸರಿ. ಅಲ್ಲಿಯ ‘ಮಧ್ಯಕ’ ನಮ್ಮ ಮಧ್ಯಾಂಕ. ತೆಲುಗಿನ ‘ಅಂಕಮಧ್ಯಮ’ವೂ ಸರಾಸರಿಯೇ, ಮಧ್ಯಾಂಕವನ್ನು ಅವರು ‘ಮಧ್ಯಗತ’ ಎನ್ನುತ್ತಾರೆ. ಅಕ್ಕಲಕೋಟೆ, ಜತ್ತ, ಮಡಕಶಿರಾಗಳ ಮಕ್ಕಳು ಮುಂದಿನ ತರಗತಿಗಳಲ್ಲಿ ಆ ಪಠ್ಯಗಳನ್ನು ಎದುರಿಸುವ ಮೊದಲೇ ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕದಲ್ಲಿ ಬರೆಯಿಸುವುದು ಒಳಿತು.