ತರಗಿಗೆ ಬೆಂಕಿ ಇಡುವ ಮುನ್ನ

ಕಬ್ಬು ಕಡಿದು ಲಾರಿಗೆ ತುಂಬಿದ ಮೇಲೆ ಗದ್ದೆಯಲ್ಲಿ ಉಳಿಯುವ ತರಗು ಹೆಕ್ಟೇರಿಗೆ ಸುಮಾರು 8ರಿಂದ 10 ಟನ್. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಇದಕ್ಕೆ ಬೆಂಕಿ ಹಚ್ಚುವವರೇ ಹೆಚ್ಚು. ಸುಟ್ಟ ತರಗಿನ ಸಾರಜನಕ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಅದೇ ಸಾರಜನಕವನ್ನು ಕೂಳೆ ಬೆಳೆಗೆಂದು ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಸಕ್ಕರೆ ಕಾರ್ಖಾನೆ ಇಂಥ ನಷ್ಟ ಮಾಡಿಕೊಳ್ಳುವುದಿಲ್ಲ. 100 ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ 30 ಟನ್ ಸಿಪ್ಪೆ, 4 ಟನ್ ಕಾಕಂಬಿ, 3-4 ಟನ್ ಮಡ್ಡಿ ಸಿಗುತ್ತದೆ. ಸಿಪ್ಪೆ ಬಾಯ್ಲರಿಗೆ ಹೋಗಿ ವಿದ್ಯುತ್ತಾಗುತ್ತದೆ, ಕಾಕಂಬಿ ಎಥೆನಾಲ್ ಆಗುತ್ತದೆ, ಮಡ್ಡಿ ಗೊಬ್ಬರವಾಗುತ್ತದೆ. ಈ ಲೆಕ್ಕಾಚಾರ ಹೊಲದ ಬದುವಿಗೂ ಬರಬೇಕು.

ನಮ್ಮ ಕಸ ಎರಡು ಜಾತಿ. ತರಗು, ಭತ್ತದ ಹುಲ್ಲು, ಕೆ.ಆರ್. ಪೇಟೆ ಮತ್ತು ನಾಗಮಂಗಲದ ಕಾಯಿ ಮಟ್ಟೆಯ ನಾರುಪುಡಿ, ಇವೆಲ್ಲ ಇಂಗಾಲ ತುಂಬಿದ ಒಣಕಸ. ಭತ್ತದ ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 80 ಪಾಲು ಇಂಗಾಲವಿದ್ದರೆ, ತರಗು ಮತ್ತು ನಾರುಪುಡಿಯಲ್ಲಿ 100ನ್ನೂ ದಾಟುತ್ತದೆ. ಸಗಣಿ, ಸಂತೆಯ ಕೊಳೆತ ತರಕಾರಿ, ಛತ್ರದ ಎಂಜಲೆಲೆ, ಆದಿಚುಂಚನಗಿರಿಯಂಥ ಕ್ಷೇತ್ರಗಳ ದಾಸೋಹದಲ್ಲಿ ಉಳಿಯುವ ಅನ್ನ-ಸಾರು ಹಸಿಕಸ. ಇದರಲ್ಲಿ ಸಾರಜನಕ ಹೆಚ್ಚು. ಒಣಕಸವೊಂದೇ ಆದರೆ ತಿಂಗಳುಗಟ್ಟಲೆ ಕೊಳೆಯದು, ಹಸಿಕಸವೊಂದೇ ಆದರೆ ನಾರುತ್ತದೆ. ಎರಡೂ ಸೇರಿ ಅನುಪಾತ 25-30ಕ್ಕೆ ಇಳಿದಾಗ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ರಾಗಿ ಹುಲ್ಲನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ, ಅದು ದನದ ಪಾಲು.

ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಮುಖ್ಯ. ಗೊಬ್ಬರವಾದ ಕಸದಿಂದ ಅಣಬೆ ಬರುವುದಿಲ್ಲ, ಗ್ಯಾಸೂ ಬರುವುದಿಲ್ಲ. ಆದ್ದರಿಂದ ಒಳ್ಳೆಯ ಭತ್ತದ ಹುಲ್ಲು ಮೊದಲು ಅಣಬೆಗೆ ಹೋಗಲಿ. ಒಂದೆರಡು ಅಂಗುಲಕ್ಕೆ ಕತ್ತರಿಸಿ, ರಾತ್ರಿ ನೆನೆಸಿ, ಬಿಸಿನೀರಿನಲ್ಲಿ ಹದಮಾಡಿ, ನೀರು ಬಸಿದು, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ಮತ್ತು ಅಣಬೆ ಬೀಜವನ್ನು ಪದರ ಪದರವಾಗಿ ತುಂಬಬೇಕು. ಸುಮಾರು ಮೂರು ವಾರದಲ್ಲಿ ಚೀಲ ಬೆಳ್ಳಗೆ ಬಲೆಗಟ್ಟುತ್ತದೆ. ಒಂದು ಕೆಜಿ ಒಣ ಹುಲ್ಲಿಗೆ ಅರ್ಧ ಕೆಜಿಗೂ ಹೆಚ್ಚು ಚಿಪ್ಪಣಬೆ ಕೊಯ್ಯಬಹುದು. ಅಷ್ಟಾದ ಮೇಲೂ ಆ ಹುಲ್ಲು ಗೊಬ್ಬರದ ಗುಂಡಿಗೆ ಒಳ್ಳೆಯ ಸರಕೇ.

ಅನ್ನ, ತರಕಾರಿ, ಸಗಣಿ ಗೋಬರ್ ಗ್ಯಾಸ್ ಗುಂಡಿಗೆ. ಒಂದು ಘನ ಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕೆಜಿ ಸಗಣಿ ಬೇಕು. ಅಡುಗೆಯ ಉಳಿಕೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಆದರೆ ಮದುವೆ ಮನೆಯ ಅನ್ನವನ್ನೆಲ್ಲ ಒಂದೇ ದಿನ ಸುರಿದರೆ ಗುಂಡಿ ಹುಳಿಗಟ್ಟಿ ಗ್ಯಾಸ್ ನಿಂತುಹೋಗುತ್ತದೆ. ತರಗನ್ನು ಅದಕ್ಕೆ ಹಾಕಬಾರದು, ಮೇಲೆ ತೇಲಿ ಹೆಪ್ಪುಗಟ್ಟುತ್ತದೆ.

ಉಳಿದದ್ದೆಲ್ಲ ಕಾಂಪೋಸ್ಟಿಗೆ. ಎರಡು-ಮೂರು ಬುಟ್ಟಿ ಒಣಕಸಕ್ಕೆ ಒಂದು ಬುಟ್ಟಿ ಹಸಿಕಸ, ಮೇಲೆ ಗ್ಯಾಸ್ ಗುಂಡಿಯ ಬಗ್ಗಡ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ಹದ ಸರಿ, ಧಾರೆ ಇಳಿದರೆ ತರಗು ಸೇರಿಸಿ. ಮೂರ್ನಾಲ್ಕು ದಿನದ ಮೇಲೆ ರಾಶಿಯೊಳಗೆ ಕಬ್ಬಿಣದ ಸಲಾಕೆ ಚುಚ್ಚಿ ಹೊರತೆಗೆದು ಮುಟ್ಟಿ. ಕೈ ಇಡಲಾರದಷ್ಟು ಬಿಸಿಯಿದ್ದರೆ ಕೆಲಸ ನಡೆದಿದೆ ಎಂದರ್ಥ. ಆ ಶಾಖಕ್ಕೆ ಕಳೆ ಬೀಜವೂ ಸಾಯುತ್ತದೆ. ಬಿಸಿ ಇಳಿದಾಗ ಮಗುಚಿ ಹಾಕಬೇಕು.

ನಾರುಪುಡಿ ಹಟಮಾರಿ, ಅದರ ಲಿಗ್ನಿನ್ ಬೇಗ ಕರಗದು. ಟನ್ನಿಗೆ 5 ಕೆಜಿ ಯೂರಿಯಾ ಮತ್ತು ಚಿಪ್ಪಣಬೆಯ ಬೀಜ ಪದರವಾಗಿ ಹಾಕಿ ತೇವ ಕಾಯ್ದರೆ ಸುಮಾರು ಒಂದು ತಿಂಗಳಲ್ಲಿ ಕಪ್ಪಾಗಿ ಬಳಕೆಗೆ ಬರುತ್ತದೆ.

ಇದೆಲ್ಲ ಕೆಡುವುದು ಒಂದೇ ಕಡೆ: ಎಂಜಲೆಲೆಯ ಜೊತೆ ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟ ಸೇರಿದಾಗ. ಬೆರೆತ ಮೇಲೆ ಬಿಡಿಸುವ ಕೂಲಿ ಗೊಬ್ಬರದ ಬೆಲೆಯನ್ನೇ ನುಂಗುತ್ತದೆ. ಛತ್ರದವರು ಎಲೆ ಎತ್ತುವಾಗಲೇ ಎರಡು ಡ್ರಮ್ ಇಡಲಿ. ರೈತರು ಈ ಸಲದ ಕಟಾವಿನಲ್ಲಿ ನಾಲ್ಕು ಗುಂಟೆಯ ತರಗನ್ನಾದರೂ ಸುಡದೆ ರಾಶಿ ಹಾಕಿ ನೋಡಲಿ. ಅನುಮಾನವಿದ್ದರೆ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಲಿ.