ತವರದ ಸುತ್ತ ಎಷ್ಟು ಮಂದಿ?

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಲು ಬಳಸುವ ತವರದ ಹೆಸರಿನಲ್ಲಿ ಒಂದು ದಾಖಲೆ ಇದೆ. ಸ್ಥಿರವಾದ ಐಸೊಟೋಪುಗಳು ಅದಕ್ಕೆ ಹತ್ತು. ಬೇರಾವ ಧಾತುವಿಗೂ ಅಷ್ಟಿಲ್ಲ. ಈ ಹತ್ತರಲ್ಲಿ 115, 117, 119 ಎಂಬ ಮೂರರ ನ್ಯೂಕ್ಲಿಯಸ್‌ಗಳು ಮಾತ್ರ ಪುಟ್ಟ ಆಯಸ್ಕಾಂತಗಳು. ಮೊದಲನೆಯದು ತೀರಾ ವಿರಳ. ಎರಡನೆಯದು ಶೇ. 7.7, ಮೂರನೆಯದು ಶೇ. 8.6. ರಸಾಯನವಿಜ್ಞಾನಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು 119ನ್ನು.

ತವರಕ್ಕೆ ಇಂಗಾಲ ನೇರವಾಗಿ ಬೆಸೆದ ವಸ್ತುಗಳನ್ನು 1849ರಿಂದ ತಯಾರಿಸುತ್ತಿದ್ದಾರೆ. ಮೊದಲು ಮಾಡಿದವನು ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್. ಪಿವಿಸಿ ಬಿಸಿಗೆ ಕೆಡದಂತೆ ತಡೆಯಲು ಇವನ್ನು ಬೆರೆಸುತ್ತಾರೆ. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲೆಂದು ಬಳಿಯುತ್ತಿದ್ದ ಟ್ರೈಬ್ಯುಟೈಲ್ ಟಿನ್ ಬಣ್ಣ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಸಿಂಪಿ ಕೃಷಿಯನ್ನೇ ಕೆಡಿಸಿತು. ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಯಾದದ್ದು 2008ರಲ್ಲಿ.

ಇಂಥ ಅಣುವಿನಲ್ಲಿ ತವರದ ಸುತ್ತ ಎಷ್ಟು ಪರಮಾಣುಗಳಿವೆ? ನಾಲ್ಕೋ, ಐದೋ, ಆರೋ? ಉತ್ತರ ಸಿಗುವುದು ಎನ್‌ಎಂಆರ್ ಯಂತ್ರದಲ್ಲಿ. ದ್ರಾವಣವನ್ನು ತೆಳು ಗಾಜಿನ ಕೊಳವೆಯಲ್ಲಿ ಹಾಕಿ ಪ್ರಬಲ ಆಯಸ್ಕಾಂತದೊಳಗೆ ಇಳಿಸಿ, ರೇಡಿಯೊ ತರಂಗ ಹಾಯಿಸುತ್ತಾರೆ. ಹೈಡ್ರೋಜನ್ 400 ಮೆಗಾಹರ್ಟ್ಸ್‌ಗೆ ಓಗೊಡುವ ಯಂತ್ರದಲ್ಲಿ ತವರ-119 ಓಗೊಡುವುದು ಸುಮಾರು 149ಕ್ಕೆ. ಸುತ್ತಲಿನ ಎಲೆಕ್ಟ್ರಾನುಗಳು ಈ ಅಂಕಿಯನ್ನು ಕೊಂಚ ಆಚೀಚೆ ಮಾಡುತ್ತವೆ. ಆ ಸರಿತವನ್ನು ಟೆಟ್ರಾಮೀಥೈಲ್ ಟಿನ್ನನ್ನು ಸೊನ್ನೆಯಾಗಿಟ್ಟು, ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂದು ಅಳೆಯುತ್ತಾರೆ. ಹೈಡ್ರೋಜನ್ನಿನ ಆಟವೆಲ್ಲ ಹತ್ತು ಹನ್ನೆರಡು ಪಾಲಿನೊಳಗೆ ಮುಗಿಯುತ್ತದೆ. ತವರದ್ದು ಸಾವಿರಾರು ಪಾಲುಗಳ ಬಯಲು.

ಟ್ರೈಮೀಥೈಲ್ ಟಿನ್ ಕ್ಲೋರೈಡನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ ನೋಡಿದರೆ ಸಂಕೇತ 160ರ ಆಸುಪಾಸಿನಲ್ಲಿ ಕಾಣುತ್ತದೆ. ಅದನ್ನೇ ಪಿರಿಡೀನಿನಲ್ಲಿ ಕರಗಿಸಿದರೆ ಸೊನ್ನೆಯ ಹತ್ತಿರಕ್ಕೆ ಜಾರುತ್ತದೆ. ಪಿರಿಡೀನಿನ ನೈಟ್ರೋಜನ್ ಐದನೆಯದಾಗಿ ಬಂದು ತವರಕ್ಕೆ ಎಲೆಕ್ಟ್ರಾನುಗಳನ್ನು ಕೊಟ್ಟಿದೆ. ನಾಲ್ವರ ಸೀಟಿನಲ್ಲಿ ಐದನೆಯವರು ಕೂತರೆ ಎಲ್ಲರೂ ಸರಿಯಲೇಬೇಕು. ಮೀಥೈಲ್‌ಗಳ ನಡುವಿನ ಕೋನಗಳೂ ಹಿಗ್ಗುತ್ತವೆ.

ಆ ಕೋನವನ್ನು ಅಳೆಯುವ ಉಪಾಯ ನನಗೆ ಇನ್ನೂ ಇಷ್ಟ, ಏಕೆಂದರೆ ಅದಕ್ಕೆ ತವರದ ಸಂಕೇತವೇ ಬೇಕಿಲ್ಲ. ಮಾಮೂಲಿ ಹೈಡ್ರೋಜನ್ ರೋಹಿತದಲ್ಲಿ ಮೀಥೈಲಿನ ಎತ್ತರದ ಗೆರೆಯ ಬುಡದ ಎರಡೂ ಬದಿಗೆ ಜೋಡಿ ಮೊನೆಗಳು ಎದ್ದಿರುತ್ತವೆ. ಹೊಸಬರು ಅವನ್ನು ಕಲಬೆರಕೆ ಎಂದುಕೊಳ್ಳುವುದು ಸಹಜ. ಆದರೆ ಅವು 117 ಮತ್ತು 119 ಇರುವ ಅಣುಗಳ ಗುರುತು. ಟೆಟ್ರಾಮೀಥೈಲ್ ಟಿನ್ನಿನಲ್ಲಿ 119ರ ಎರಡು ಮೊನೆಗಳ ಅಂತರ 54 ಹರ್ಟ್ಸ್. 1986ರಲ್ಲಿ ಲಾಕ್‌ಹಾರ್ಟ್ ಮತ್ತು ಮ್ಯಾಂಡರ್ಸ್ ಈ ಅಂತರಕ್ಕೂ ಮೀಥೈಲ್-ತವರ-ಮೀಥೈಲ್ ಕೋನಕ್ಕೂ ಒಂದು ಸೂತ್ರ ಕೊಟ್ಟರು. 54 ಹಾಕಿದರೆ 109 ಡಿಗ್ರಿ. 100 ಹಾಕಿದರೆ ಸುಮಾರು 162.

ಹರಳನ್ನು ಎಕ್ಸ್-ಕಿರಣದಲ್ಲಿ ನೋಡಿದರೆ ಸಾಲದೇ? ಸಾಲದು. ಟ್ರೈಮೀಥೈಲ್ ಟಿನ್ ಅಸಿಟೇಟಿನ ಹರಳಿನಲ್ಲಿ ಅಣುಗಳು ಕೈಕೈ ಹಿಡಿದ ಸರಪಳಿ. ಪ್ರತಿ ತವರಕ್ಕೂ ನೆರೆಯವರು ಐವರು. ತೆಳುವಾದ ಕ್ಲೋರೋಫಾರ್ಮ್ ದ್ರಾವಣದಲ್ಲಿ ಸರಪಳಿ ಕಳಚಿ ಅವು ಬಿಡಿಬಿಡಿಯಾಗುತ್ತವೆ. ಪುಡಿಯನ್ನು ಕರಗಿಸದೆ ಪರೀಕ್ಷಿಸಬೇಕೆಂದರೆ ಅದನ್ನು ಪುಟ್ಟ ಡಬ್ಬಿಯಲ್ಲಿ ತುಂಬಿ, ಆಯಸ್ಕಾಂತಕ್ಕೆ 54.7 ಡಿಗ್ರಿ ಓರೆಯಾಗಿಟ್ಟು, ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸಿ ಎನ್‌ಎಂಆರ್ ತೆಗೆಯುತ್ತಾರೆ.